ಆರ್‌ಟಿಸಿಯಲ್ಲಿ ಅಜ್ಜ, ತೋಟದಲ್ಲಿ ಮೊಮ್ಮಗ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೊಡಗಿನ ನಾಪೋಕ್ಲು ಕಡೆಯ ಒಬ್ಬ ಹೆಣ್ಣುಮಗಳು ಕಾಗದದ ಕಟ್ಟು ಹಿಡಿದು ಬಂದರು. "ಸಾರ್, ಮಳೆಗೆ ಕಾಫಿ ಕಾಯಿ ಎಲ್ಲಾ ಉದುರಿ ಹೋಯ್ತು. ಪಕ್ಕದ ತೋಟದವರಿಗೆ ಪರಿಹಾರ ಬಂತು. ನಮಗೆ ಯಾಕಿಲ್ಲ?" ಆರ್‌ಟಿಸಿ, ಅಂದರೆ ಪಹಣಿ ಬಿಡಿಸಿ ನೋಡಿದೆ. ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಅವರ ಗಂಡನ ಅಜ್ಜನ ಹೆಸರು. ಅವರು ತೀರಿಕೊಂಡು ಮೂವತ್ತು ವರ್ಷ.

ಕೃಷಿ ಇಲಾಖೆಯಲ್ಲಿ ಇದ್ದಷ್ಟು ದಿನವೂ ನಾನು ಜಾಸ್ತಿ ನೋಡಿದ್ದು ಇದನ್ನೇ. ಈಗ ಬೆಳೆ ಪರಿಹಾರ, ಸಹಾಯಧನ ಎಲ್ಲದಕ್ಕೂ ಸರ್ಕಾರದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಎಫ್‌ಐಡಿ (ರೈತರ ಗುರುತಿನ) ನಂಬರ್ ಬೇಕು. ರೈತರ ಆಧಾರ್, ಬ್ಯಾಂಕ್ ಖಾತೆ, ಜಮೀನು ಮೂರನ್ನೂ ಕಟ್ಟಿಡುವ ಗಂಟು ಅದು. ಅಜ್ಜನಿಗೆ ಆಧಾರ್ ಇಲ್ಲ. ಮೊಮ್ಮಗನಿಗೆ ಆಧಾರ್ ಇದೆ, ಆರ್‌ಟಿಸಿಯಲ್ಲಿ ಹೆಸರಿಲ್ಲ. ಗಂಟು ಬೀಳುವುದು ಹೇಗೆ?

ಬೇರೆ ಜಿಲ್ಲೆಯಲ್ಲೂ ಈ ತೊಂದರೆ ಇದೆ. ಆದರೆ ನಮ್ಮ ಕೊಡಗಿನ ಜಮ್ಮಾ ಜಮೀನಿನಲ್ಲಿ, ಅಂದರೆ ತಲೆತಲಾಂತರದಿಂದ ಬಂದ ಹಿಡುವಳಿಯಲ್ಲಿ, ಅದು ದುಪ್ಪಟ್ಟು. ಜಮೀನು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ ಸೇರಿದ್ದು. ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಿನ ಜೊತೆ ಹತ್ತಾರು ಹೆಸರು, ಯಾರಿಗೆ ಎಷ್ಟು ಎಕರೆ ಅಂತ ಬರೆದಿರುವುದಿಲ್ಲ. ಮನೆಯೊಳಗೆ ಮಾತಿನಲ್ಲಿ ಪಾಲಾಗಿದೆ, ಅವರವರ ತೋಟ ಅವರವರು ನೋಡಿಕೊಳ್ಳುತ್ತಾರೆ. ಆ ಮಾತು ಕಂಪ್ಯೂಟರಿಗೆ ಗೊತ್ತಿಲ್ಲ, ಅಲ್ವಾ? ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಅದಕ್ಕೇ ನಾನು ಸಿಕ್ಕಿದವರಿಗೆಲ್ಲ ಹೇಳುವುದು: ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಿಕೊಳ್ಳಿ. ಪರಿಹಾರದ ಅರ್ಜಿ ಆಮೇಲೆ.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೂ ಇದೇ ಕಥೆ. 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಿನಲ್ಲಿತ್ತು ಎಂದು ನೋಡುತ್ತಾರೆ. ಆ ದಿನದ ನಂತರ ಜಮೀನು ಕೊಂಡವರಿಗೆ ಸಿಗುವುದಿಲ್ಲ, ಆದರೆ ಹೆಸರಿದ್ದವರು ತೀರಿಕೊಂಡು ವಾರಸುದಾರರಿಗೆ ಬಂದಿದ್ದರೆ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಬಿಟ್ಟಿದ್ದಾರೆ. ಇನ್ನು ಹಣ ಹೋಗುವುದು ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಒಬ್ಬ ಅಜ್ಜಿ ಎರಡು ವರ್ಷ ಹಣ ಬಂದಿಲ್ಲ ಎಂದು ಅಲೆದಿದ್ದರು. ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ಅಷ್ಟೂ ಇತ್ತು.

ಇನ್ನೊಂದು ಮಾತು ಕರಿಮೆಣಸಿನದು. ಬೆಳೆ ಸಮೀಕ್ಷೆಗೆ ಬಂದವರು ತೋಟ ನೋಡಿ 'ಕಾಫಿ' ಎಂದಷ್ಟೇ ಹಾಕಿಬಿಡುತ್ತಾರೆ. ಮರಕ್ಕೆ ಹಬ್ಬಿದ ಬಳ್ಳಿ ಲೆಕ್ಕಕ್ಕೇ ಬರುವುದಿಲ್ಲ. ನೀವು ಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿರುತ್ತೀರಿ, ಸಮೀಕ್ಷೆಯಲ್ಲಿ ಮೆಣಸೇ ಇಲ್ಲ. ಆಗ ವಿಮೆ ಕೈಗೆ ಬರುವುದು ಕಷ್ಟ. ಸಮೀಕ್ಷೆ ಆದ ಮೇಲೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ಮಿಶ್ರ ಬೆಳೆ ಬಿಟ್ಟುಹೋಗಿದ್ದರೆ ಕೂಡಲೇ ಆಕ್ಷೇಪಣೆ ಹಾಕಿ.

ಇಷ್ಟೆಲ್ಲ ಮಾಡಿದರೆ ಬೆಳೆ ಪರಿಹಾರ ಸಿಗುವುದೆಷ್ಟು? ಕೇಂದ್ರದ 2022ರ ನಿಯಮದಂತೆ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಶೇಕಡಾ 33ಕ್ಕಿಂತ ಕಡಿಮೆ ನಷ್ಟವಾದರೆ ಏನೂ ಇಲ್ಲ. ಎಕರೆಗೆ ಒಂಬತ್ತು ಸಾವಿರ ಚಿಲ್ಲರೆ. ಕಾಯಿ ಉದುರಿದ ತೋಟಕ್ಕೆ ಇದು ಬಹಳ ಕಡಿಮೆ ಎಂದು ನಾನು ಅಧಿಕಾರಿಯಾಗಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಆಳಿನ ಕೂಲಿಗಾದರೂ ಆಗುವ ಆ ದುಡ್ಡನ್ನು ಒಂದು ಹೆಸರಿನ ದೆಸೆಯಿಂದ ಕಳೆದುಕೊಳ್ಳುವುದು ನನಗೆ ಸಹಿಸಲು ಆಗುವುದಿಲ್ಲ.

ಆ ಹೆಣ್ಣುಮಗಳ ಮನೆಯವರು ಈಗ ವಂಶವೃಕ್ಷ ಮಾಡಿಸುತ್ತಿದ್ದಾರೆ. ಪಾಲುದಾರರಲ್ಲಿ ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮೈಸೂರಿನಲ್ಲಿ. ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಒಕ್ಕದ ಮೂಲ ಮನೆಯಾದ ಐನ್‌ಮನೆಗೆ ಬರುತ್ತಾರಲ್ಲ, ಕಾಗದ ಸಿದ್ಧ ಮಾಡಿಟ್ಟುಕೊಂಡು ಅವತ್ತೇ ಸಹಿ ಹಾಕಿಸಿಕೊಳ್ಳಿ ಎಂದೆ.