ಬೇಸ್ ಗಿಟಾರ್‌ಗೆ ಯಾವ ಸ್ಟ್ರಿಂಗ್ ಹಾಕ್ಲಿ, ರೌಂಡ್ಸಾ ಫ್ಲ್ಯಾಟ್ಸಾ?

ಪ್ರಶ್ನೆ: ಅಣ್ಣ, ನಾನು ಬೇಸ್ ನುಡಿಸೋಕೆ ಶುರು ಮಾಡಿ ಎರಡು ವರ್ಷ ಆಯ್ತು, ಗಿಟಾರ್ ಜೊತೆ ಬಂದ ಸ್ಟ್ರಿಂಗ್ಸೇ ಇನ್ನೂ ಇದೆ. ಬದಲಾಯಿಸೋಣ ಅಂತ ಕೇಳಿದ್ರೆ ಒಬ್ರು ರೌಂಡ್‌ವೌಂಡ್ ಬಿಟ್ಟು ಬೇರೆ ಮುಟ್ಟಲೇಬೇಡ ಅಂತಾರೆ, ಇನ್ನೊಬ್ರು ಫ್ಲ್ಯಾಟ್‌ವೌಂಡ್ ಒಂದ್ಸಲ ಹಾಕಿದ್ರೆ ವಾಪಸ್ ಬರೋಕೆ ಮನಸ್ಸೇ ಆಗಲ್ಲ ಅಂತಾರೆ. ಯಾವ್ದು ಒಳ್ಳೇದು?

ಉತ್ತರ: ಇಬ್ರೂ ಸುಳ್ಳು ಹೇಳ್ತಿಲ್ಲ, ಅವರವರ ಬೆರಳಿಗೆ ಒಗ್ಗಿದ್ದನ್ನ ಹೇಳ್ತಿದ್ದಾರೆ ಅಷ್ಟೇ. ನಾನು ಯಾರಾದ್ರೂ ಕೇಳಿದ್ರೆ ಮೊದಲು ತಿರುಗಿಸಿ ಕೇಳೋದು ಒಂದೇ, ನಿಮಗೆ ಯಾವ ಸದ್ದು ಆಗಲ್ಲ ಹೇಳಿ ಅಂತ. ಇಷ್ಟ ಅನ್ನೋದು ಯಾವ ಹಾಡು ಕೇಳ್ತಿದೀವಿ ಅನ್ನೋದ್ರ ಮೇಲೆ ಬದಲಾಗ್ತಾನೇ ಇರತ್ತೆ, ಆದ್ರೆ ಕಿರಿಕಿರಿ ಆಗೋ ಸದ್ದು ಮಾತ್ರ ಬೇಗ ಬದಲಾಗಲ್ಲ.

ಎರಡೂ ಸ್ಟ್ರಿಂಗ್‌ಗೆ ಒಳಗಡೆ ಇರೋದು ಸ್ಟೀಲ್ ತಂತೀನೇ, ವ್ಯತ್ಯಾಸ ಇರೋದು ಅದರ ಮೇಲಿನ ಸುತ್ತಲ್ಲಿ. ರೌಂಡ್‌ವೌಂಡ್‌ಗೆ ದುಂಡನೆ ತಂತಿ ಸುತ್ತಿರ್ತಾರೆ, ಉಗುರು ಹಾಕಿ ಉದ್ದಕ್ಕೆ ಎಳೀರಿ, ಜರ್ರ್ ಅನ್ನತ್ತೆ, ಆ ಗೆರೆಗೆರೆಯೇ ಅದರ ಸದ್ದಿನ ಹೊಳಪಿಗೂ ಕಾರಣ, ಕೈ ಜಾರಿಸಿದಾಗ ಬರೋ ಕೀರಲು ಸದ್ದಿಗೂ ಕಾರಣ. ಫ್ಲ್ಯಾಟ್‌ವೌಂಡ್‌ಗೆ ರಿಬ್ಬನ್ ಥರದ ಚಪ್ಪಟೆ ತಂತಿ ಸುತ್ತಿರ್ತಾರೆ, ಬೆರಳು ನುಣ್ಣಗೆ ಹೋಗತ್ತೆ, ಸದ್ದು ದಪ್ಪ, ಧಮ್ ಅಂತ ಬಂದು ಬೇಗ ಇಳಿಯತ್ತೆ.

1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಬೇಸಿಗೆ ರೌಂಡ್ಸ್ ಅನ್ನೋ ಮಾತೇ ಇರ್ಲಿಲ್ಲ, ಎಲ್ಲರದ್ದೂ ಫ್ಲ್ಯಾಟ್ಸೇ. 1966ರಲ್ಲಿ ದ ಹೂ ಬ್ಯಾಂಡಿನ ಜಾನ್ ಎಂಟ್‌ವಿಸಲ್ ಇಂಗ್ಲೆಂಡಿನ ಸ್ಟ್ರಿಂಗ್ ಕಂಪನಿ ರೋಟೋಸೌಂಡ್‌ನ ಜೇಮ್ಸ್ ಹೌ ಜೊತೆ ಕೂತು ಪಿಯಾನೋ ಥರ ಕಣಕಣ ಅನ್ನೋ ಸ್ಟ್ರಿಂಗ್ ಬೇಕು ಅಂತ ಮಾಡಿಸಿದ್ದು ರೌಂಡ್‌ವೌಂಡ್, ಆ ಸೆಟ್ಟಿನ ಹೆಸರಲ್ಲಿ ಇವತ್ತಿಗೂ 66 ಇದೆ. ಅತ್ಲಾಗೆ ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸಿಗೆ ಲಾಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್ಸ್ ಹಾಕ್ಕೊಂಡು, ಅದು ಕಿತ್ತು ಹೋಗೋವರೆಗೂ ಬದಲಾಯಿಸದೆ, ಒಂದೇ ಬೆರಳಲ್ಲಿ ಅಷ್ಟೊಂದು ಹಾಡು ನುಡಿಸಿಬಿಟ್ರು. ಮೆಟಲ್ ಸಂಗೀತಕ್ಕೆ ರೌಂಡ್ಸು, ಫ್ರೆಟ್‌ಲೆಸ್‌ಗೆ (ಕತ್ತಿನ ಮೇಲೆ ಫ್ರೆಟ್ ಅನ್ನೋ ಲೋಹದ ಪಟ್ಟಿಗಳಿಲ್ಲದ ಬೇಸಿಗೆ) ಫ್ಲ್ಯಾಟ್ಸು ಅಂತ ಯಾರಾದ್ರೂ ರೂಲ್ಸ್ ಹೇಳಿದ್ರೆ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ನುಡಿಸೋದು ಫ್ಲ್ಯಾಟ್ಸ್, ಜಾಝ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್‌ಲೆಸ್‌ಗೆ ಹಾಕ್ತಿದ್ದಿದ್ದು ರೌಂಡ್ಸ್ ಅಂತ ಹೇಳಿ. ಹಾಂ, ಜಾಕೋ ಫಿಂಗರ್‌ಬೋರ್ಡಿಗೆ (ಬೆರಳು ಒತ್ತೋ ಮರದ ಪಟ್ಟಿಗೆ) ದೋಣಿಗೆ ಬಳಿಯೋ ಗಟ್ಟಿ ಎಪಾಕ್ಸಿ ಲೇಪ ಬಳಿದಿದ್ರು, ಅದನ್ನ ಮರೀಬೇಡಿ, ಬರೀ ಮರದ ಮೇಲೆ ರೌಂಡ್ಸ್ ಹಾಕಿದ್ರೆ ಮರ ಸವೆದು ಗೆರೆ ಬೀಳತ್ತೆ.

ಈಗ ನನ್ನ ವಿಷ್ಯ. ನನಗೆ ಸ್ಟೇನ್‌ಲೆಸ್ ಸ್ಟೀಲ್ ರೌಂಡ್ಸ್ ಆಗೋದೇ ಇಲ್ಲ, ಅರದ ಮೇಲೆ ಬೆರಳು ಉಜ್ಜಿದ ಹಾಗೆ, ಎರಡು ಗಂಟೆ ಪ್ರಾಕ್ಟೀಸ್ ಆದ್ಮೇಲೆ ಬೆರಳ ತುದಿ ಉರಿಯತ್ತೆ, ಮೇಲಾಗಿ ಮಾಮೂಲಿ ಫ್ರೆಟ್ಟಿಗಿಂತ ಅದು ಗಟ್ಟಿ, ಫ್ರೆಟ್ ಬೇಗ ಸವೆಯತ್ತೆ. ಸ್ಲ್ಯಾಪ್ ಮಾಡೋರಿಗೆ (ಹೆಬ್ಬೆರಳಲ್ಲಿ ಸ್ಟ್ರಿಂಗ್ ಬಡಿದು ನುಡಿಸೋರಿಗೆ) ಅದೇ ಪ್ರಾಣ, ಅವರ ಜೊತೆ ಜಗಳ ಇಲ್ಲ. ನಿಕಲ್ ಲೇಪಿಸಿದ ರೌಂಡ್ಸ್ ಇಷ್ಟ, ಆದ್ರೆ ಹಾಕಿದ ದಿನ ಅಲ್ಲ, ಎರಡು ವಾರ ನುಡಿಸಿ ಆ ಮೊದಲ ಝಣಝಣ ಇಳಿದ್ಮೇಲೆ. ಹಾಫ್‌ರೌಂಡ್ ಅಂತ ಒಂದು ಬರತ್ತೆ, ರೌಂಡ್ ಸುತ್ತಿ ಮೇಲ್ಮೈ ಉಜ್ಜಿ ನುಣ್ಣಗೆ ಮಾಡಿರ್ತಾರೆ, ನನಗೆ ಅದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅನ್ಸಿತು. ಕಪ್ಪು ನೈಲಾನ್ ಸುತ್ತಿದ ಟೇಪ್‌ವೌಂಡ್ ಮಾತ್ರ ಫ್ರೆಟ್‌ಲೆಸ್ ಮೇಲೆ ನನಗೆ ತುಂಬಾ ಪ್ರೀತಿ (ಒಳಗೆ ಸ್ಟೀಲ್ ಇರೋದ್ರಿಂದ ಪಿಕಪ್, ಅಂದ್ರೆ ಸ್ಟ್ರಿಂಗಿನ ಕಂಪನ ಹಿಡಿಯೋ ಆಯಸ್ಕಾಂತದ ಭಾಗ, ಅದನ್ನೂ ಹಿಡಿಯತ್ತೆ, ಭಯ ಬೇಡ).

ಗಣೇಶನ ಹಬ್ಬದ ರಸಮಂಜರಿಗಳಲ್ಲಿ ನುಡಿಸ್ತಾ ಒಂದು ವಿಷ್ಯ ಕಲಿತೆ. ಮನೇಲಿ ಒಬ್ಬನೇ ಕೂತು ನುಡಿಸಿದ್ರೆ ಫ್ಲ್ಯಾಟ್ಸ್ ಸಪ್ಪೆ, ಏನೋ ಕಂಬಳಿ ಹೊದಿಸಿದ ಹಾಗೆ ಕೇಳತ್ತೆ. ಅದೇ ಅಣ್ಣಾವ್ರ ಹಳೇ ಹಾಡಿಗೆ ತಬಲ, ಕೀಬೋರ್ಡ್, ರಿದಂ ಪ್ಯಾಡ್ ಎಲ್ಲಾ ಸೇರಿದಾಗ ಆ ಸಪ್ಪೆ ಸ್ಟ್ರಿಂಗೇ ಎಲ್ಲರ ಕೆಳಗೆ ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಹಾಡೋರಿಗೆ ಅಡ್ಡ ಬರಲ್ಲ. ಅದಕ್ಕೇ ಹೇಳೋದು, ದಯವಿಟ್ಟು ಮೊಬೈಲಲ್ಲಿ ವಿಡಿಯೋ ನೋಡಿ ಸ್ಟ್ರಿಂಗ್ ಆರಿಸ್ಬೇಡಿ. ಬೇಸಿನ ಖಾಲಿ ಇ ಸ್ಟ್ರಿಂಗ್ ಮೂಲ ಸ್ವರ ಸುಮಾರು 41 ಹರ್ಟ್ಸ್, ಅದು ಮೊಬೈಲ್ ಸ್ಪೀಕರಿಂದ ಬರೋದೇ ಇಲ್ಲ, ನೀವು ಕೇಳೋದು ಮೇಲಿನ ಉಪಸ್ವರಗಳನ್ನ ಮಾತ್ರ, ರೌಂಡ್ಸಲ್ಲಿ ಅವು ಜಾಸ್ತಿ ಇರೋದ್ರಿಂದ ಮೊಬೈಲಲ್ಲಿ ಯಾವಾಗ್ಲೂ ಅದೇ ಗೆಲ್ಲತ್ತೆ.

ಇನ್ನು ದಪ್ಪ. ಅಂಗಡೀಲಿ 45-105 ಅಂತ ಕೇಳಿ, ಅದು ಮಾಮೂಲಿ ಗೇಜ್, ಅಂದ್ರೆ ತೆಳು ಸ್ಟ್ರಿಂಗ್ ಇಂಚಿನ ಸಾವಿರದಲ್ಲಿ 45 ಭಾಗ, ದಪ್ಪದ್ದು 105 ಭಾಗ. ಬೆರಳಿಗೆ ಬಿಗಿ ಅನ್ಸಿದ್ರೆ 40-100. ಟ್ಯೂನ್ ಮಾಡಿದಾಗ ನಾಲ್ಕೂ ಸ್ಟ್ರಿಂಗ್ ಸೇರಿ ನೆಕ್ಕನ್ನ ಹೆಚ್ಚುಕಮ್ಮಿ 80 ಕೆಜಿ ಬಲದಲ್ಲಿ ಎಳೀತಿರತ್ತೆ, ಅದಕ್ಕೇ ಗೇಜ್ ಬದಲಾಯಿಸಿದ್ರೆ ನೆಕ್ ಬಾಗು ಬದಲಾಗಿ ಬಜ್ (ಸ್ಟ್ರಿಂಗ್ ಫ್ರೆಟ್ಟಿಗೆ ತಾಗೋ ಸದ್ದು) ಬರಬಹುದು, ಟ್ರಸ್ ರಾಡ್ (ನೆಕ್ ಬಾಗು ಸರಿ ಮಾಡೋ ಒಳಗಿನ ಕಂಬಿ) ಗೊತ್ತಿರೋರ ಹತ್ರ ಸೆಟಪ್ ಮಾಡಿಸ್ಕೊಳ್ಳಿ. ಇನ್ನೊಂದು, ಪ್ಯಾಕೆಟ್ ಮೇಲೆ ಲಾಂಗ್ ಸ್ಕೇಲ್ (ಉದ್ದ ಬೇಸಿನ ಸ್ಟ್ರಿಂಗ್) ಅಂತ ಇದೆಯಾ ನೋಡಿ. ನನಗೆ ಒಂದು ಅಂಗಡೀಲಿ ಶಾರ್ಟ್ ಸ್ಕೇಲ್ ಸೆಟ್ ಕೊಟ್ಟು ಕಳ್ಸಿದ್ರು, 34 ಇಂಚಿನ ಬೇಸಿಗೆ ಹಾಕೋಕೆ ಹೋದ್ರೆ ದಪ್ಪನೆ ಸುತ್ತು ನೆಕ್ಕಿನ ತುದೀಲಿ ಸ್ಟ್ರಿಂಗ್ ಕೂರೋ ನಟ್ಟಿಗಿಂತ ಮುಂಚೇನೇ ಮುಗಿದುಹೋಗಿತ್ತು, ಬಿಚ್ಚಿದ ಪ್ಯಾಕೆಟ್ ವಾಪಸ್ಸೂ ತಗೊಳ್ಲಿಲ್ಲ.

ಬಾಳಿಕೆ ಲೆಕ್ಕ ಬೇರೆ. ಮಂಗಳೂರು, ಕಾರವಾರದ ಕಡೆ ಬೆವರು, ತೇವ ಎರಡೂ ಜಾಸ್ತಿ, ರೌಂಡ್ಸಿನ ಸುತ್ತುಗಳ ಸಂದೀಲಿ ಬೆವರು, ಸತ್ತ ಚರ್ಮ, ಧೂಳು ಸೇರಿ ಸದ್ದು ಸಾಯತ್ತೆ. ನುಡಿಸಿದ್ಮೇಲೆ ಹಳೇ ಕಾಟನ್ ಬಟ್ಟೇಲಿ ಒರೆಸಿ ನೋಡಿ, ಬಟ್ಟೆ ಮೇಲೆ ಕಪ್ಪು ಗೀಟು ಬರತ್ತೆ, ಅದೇ ಆ ಕೊಳೆ. ಹಳೇ ರೌಂಡ್ಸನ್ನ ಹತ್ತು ನಿಮಿಷ ನೀರಲ್ಲಿ ಕುದಿಸಿ ಚೆನ್ನಾಗಿ ಒಣಗಿಸಿದ್ರೆ ಕೆಲವು ದಿನ ಹೊಳಪು ವಾಪಸ್ ಬರತ್ತೆ, ಅಡುಗೆ ಪಾತ್ರೆ ಮಾತ್ರ ಬೇಡ. ಫ್ಲ್ಯಾಟ್ಸ್ ದುಬಾರಿ, ಆದ್ರೆ ವರ್ಷಗಟ್ಟಲೆ ಬರತ್ತೆ, ಹಳೇದಾದಷ್ಟೂ ಚೆನ್ನಾಗಿರತ್ತೆ ಅನ್ನೋರಲ್ಲಿ ನಾನೂ ಒಬ್ಬ.

ನಿಮ್ಮ ವಿಷ್ಯಕ್ಕೆ ಬಂದ್ರೆ, ಎರಡು ವರ್ಷದ ಹಳೇ ಸ್ಟ್ರಿಂಗ್ಸ್ ಅಂದ್ರೆ ನಿಮ್ಮ ಕಿವಿ ಆಗ್ಲೇ ಮಂಕು ಸದ್ದಿಗೆ ಹೊಂದಿಕೊಂಡಿದೆ. ಮೊದಲು ನಿಕಲ್ ರೌಂಡ್ಸ್ 45-105 ಹಾಕಿ ಒಂದು ತಿಂಗಳು ನುಡಿಸಿ. ಆ ಹೊಳಪು ಖುಷಿ ಕೊಟ್ರೆ ಅಲ್ಲೇ ಇರಿ. ಕೀರಲು ಸದ್ದು ತಲೆ ತಿಂತಿದೆ, ಯಾವಾಗ್ಲೂ ಟೋನ್ ನಾಬ್ ಇಳಿಸ್ಕೊಂಡೇ ನುಡಿಸ್ತಿದೀನಿ ಅಂತ ಗೊತ್ತಾದ್ರೆ ನೀವು ಫ್ಲ್ಯಾಟ್ಸಿನವರು, ಧೈರ್ಯವಾಗಿ ದುಡ್ಡು ಹಾಕಿ. ಬದಲಾಯಿಸುವಾಗ ಒಂದೊಂದೇ ಸ್ಟ್ರಿಂಗ್ ತೆಗೆದು ಹಾಕಿ, ಉದ್ದ ಕತ್ತರಿಸೋಕೆ ಮುಂಚೆ ಚೂಪಾಗಿ ಬಗ್ಗಿಸಿ ಆಮೇಲೆ ಬಗ್ಗಿಸಿದ ಜಾಗದಿಂದ ಆಚೆ ಕತ್ತರಿಸಿ, ಇಲ್ಲಾಂದ್ರೆ ಸುತ್ತು ಸಡಿಲ ಆಗಿ ಹೊಸ ಸ್ಟ್ರಿಂಗೇ ಸತ್ತುಹೋಗತ್ತೆ. ತೆಗೆದ ಹಳೇದನ್ನ ಎಸೀಬೇಡಿ, ಸುರುಳಿ ಸುತ್ತಿ ಬ್ಯಾಗಲ್ಲಿ ಇಟ್ಕೊಳ್ಳಿ, ಪ್ರೋಗ್ರಾಂ ದಿನ ರಾತ್ರಿ ಹತ್ತು ಗಂಟೆಗೆ ಸ್ಟ್ರಿಂಗ್ ಕಟ್ ಆದ್ರೆ ಯಾವ ಅಂಗಡೀನೂ ತೆಗೆದಿರಲ್ಲ.