ಬೇಸ್‌ಬಾಲ್‌ಗೆ ಅಪ್ಪ ಯಾರು?

ಓದುಗರ ಪ್ರಶ್ನೆ: ಬೇಸ್‌ಬಾಲ್ ಕಂಡುಹಿಡಿದವರು ಆಬ್ನರ್ ಡಬಲ್‌ಡೇ ಅಂತ ಕೆಲವರು, ಅಲೆಕ್ಸಾಂಡರ್ ಕಾರ್ಟ್‌ರೈಟ್ ಅಂತ ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ?

ಎರಡೂ ಅಲ್ಲ. ಲಗೋರಿ ಕಂಡುಹಿಡಿದವರು ಯಾರು ಅಂತ ಕೇಳಿದರೆ ನೀವೇನು ಹೇಳುತ್ತೀರಿ? ಇದೂ ಹಾಗೇ. ಚೆಂಡಿಗೆ ಕೋಲಿನಿಂದ ಹೊಡೆದು, ಗುರುತಿಟ್ಟ ಜಾಗಗಳನ್ನು (ಇವೇ ಬೇಸ್‌ಗಳು) ಓಡಿ ಮುಟ್ಟುವ ಆಟವನ್ನು ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮಕ್ಕಳು ಊರಿಗೊಂದು ರೀತಿ ಆಡುತ್ತಿದ್ದರು. ಅದಕ್ಕೆ ಬರಹದಲ್ಲಿ ಒಂದು ಚೌಕಟ್ಟು ಹಾಕಿ ಇವತ್ತಿನ ಬೇಸ್‌ಬಾಲ್ ಮಾಡಿದ್ದು ನ್ಯೂಯಾರ್ಕ್ ನಗರದ ಹವ್ಯಾಸಿ ಕ್ಲಬ್‌ಗಳು.

ಡಬಲ್‌ಡೇ ಕಥೆ ಬೇಗ ಮುಗಿಯುತ್ತದೆ. 1905ರಲ್ಲಿ ಆಟದ ಮೂಲ ಹುಡುಕಲು ಒಂದು ಸಮಿತಿ ಕೂತಿತು. 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಡಬಲ್‌ಡೇ ಈ ಆಟ ಶುರು ಮಾಡಿದ ಅಂತ ಒಬ್ಬ ವಯಸ್ಸಾದವರು ಬರೆದು ತಿಳಿಸಿದರು. ಸಮಿತಿ ಅದನ್ನೇ ಒಪ್ಪಿಕೊಂಡಿತು. ಆದರೆ 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ಕೆಡೆಟ್ ಆಗಿದ್ದ. ಪಾಪ, ಆಟ ನಂದು ಅಂತ ಆತ ಯಾವತ್ತೂ ಹೇಳಿಕೊಂಡವನೂ ಅಲ್ಲ. ಆದರೂ ಬೇಸ್‌ಬಾಲ್ ದಿಗ್ಗಜರನ್ನು ಆರಿಸಿ ಗೌರವಿಸುವ ಹಾಲ್ ಆಫ್ ಫೇಮ್ ಮ್ಯೂಸಿಯಂ ಇರುವುದು ಕೂಪರ್ಸ್‌ಟೌನಿನಲ್ಲೇ!

ಇನ್ನು ಕ್ಲಬ್‌ಗಳ ವಿಷಯ. ಕ್ಲಬ್ ಅಂದ ಕೂಡಲೇ ಸ್ಟೇಡಿಯಂ, ಟಿಕೆಟ್ ಅಂತ ನೆನೆಸಿಕೊಳ್ಳಬೇಡಿ. 1845ರ ಸೆಪ್ಟೆಂಬರ್ 23ರಂದು ಶುರುವಾದ ನಿಕರ್‌ಬಾಕರ್ ಕ್ಲಬ್‌ನಲ್ಲಿ ಇದ್ದವರು ವ್ಯಾಪಾರಿಗಳು, ಬ್ಯಾಂಕ್ ಗುಮಾಸ್ತರು, ವಕೀಲರು, ಡಾಕ್ಟರು. ಕೆಲಸ ಮುಗಿಸಿ ಒಂದಿಷ್ಟು ಮೈ ಬೆವರಿಸೋಣ ಅಂತ ಸೇರಿದವರು. ಮ್ಯಾನ್‌ಹಟನ್‌ನಲ್ಲಿ ಖಾಲಿ ಜಾಗವೆಲ್ಲ ಕಟ್ಟಡಗಳಾಗುತ್ತಿದ್ದ ಕಾಲ ಅದು. ಹಾಗಾಗಿ ದೋಣಿ ಹತ್ತಿ ಹಡ್ಸನ್ ನದಿ ದಾಟಿ, ಹೊಬೊಕೆನ್‌ನ ಎಲಿಸಿಯನ್ ಫೀಲ್ಡ್ಸ್‌ಗೆ ಹೋಗುತ್ತಿದ್ದರು. ಮೈದಾನ ಮತ್ತು ಬಟ್ಟೆ ಬದಲಿಸುವ ಕೋಣೆಗೆ ವರ್ಷಕ್ಕೆ 75 ಡಾಲರ್ ಬಾಡಿಗೆ.

ಅವರು 20 ನಿಯಮ ಬರೆದುಕೊಂಡರು. ಮೊದಲನೆಯದೇ ಚೆನ್ನಾಗಿದೆ: ಸದಸ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕು. ಯಾಕೆ ಅಂತ ಊಹಿಸಬಹುದು, ಅಲ್ವಾ? ಕ್ಲಬ್‌ನ ಡಾಕ್ಟರ್ ಡೇನಿಯಲ್ ಆಡಮ್ಸ್ ಮುಪ್ಪಿನಲ್ಲಿ ಹೇಳಿಕೊಂಡ ಹಾಗೆ, ಜನರನ್ನು ಮೈದಾನಕ್ಕೆ ಕರೆತರುವುದೇ ಅವರಿಗೆ ದೊಡ್ಡ ಕೆಲಸವಾಗಿತ್ತಂತೆ.

ಮುಖ್ಯವಾದ ನಿಯಮ ಇನ್ನೊಂದಿದೆ. ಹಳೆಯ ಆಟದಲ್ಲಿ ಓಡುವವನ ಮೈಗೆ ಚೆಂಡು ಬೀಸಿ ಹೊಡೆದರೆ ಔಟ್. ಥೇಟ್ ನಮ್ಮ ಲಗೋರಿ. ನಿಕರ್‌ಬಾಕರ್ ನಿಯಮ ಅದನ್ನು ನಿಲ್ಲಿಸಿತು. ನನ್ನ ಪ್ರಕಾರ ಆಟ ಬದಲಾದದ್ದು ಇಲ್ಲೇ. ಮೈಗೆ ಹೊಡೆಯುವ ಹಾಗಿದ್ದರೆ ಚೆಂಡು ಮೆತ್ತಗಿರಬೇಕು. ಹೊಡೆಯುವ ಹಾಗಿಲ್ಲ ಅಂದಮೇಲೆ ಚೆಂಡು ಗಟ್ಟಿಯಾಗಬಹುದು, ದೂರ ಹೋಗಬಹುದು, ಆಟಕ್ಕೆ ವೇಗ ಬರುತ್ತದೆ. ಒಂದು ಪಿಚ್ ಬಿದ್ದು ಮೇಲೆದ್ದ ಚೆಂಡನ್ನು ಹಿಡಿದರೂ ಔಟ್ ಎಂಬ ನಮ್ಮ ಗಲ್ಲಿ ಕ್ರಿಕೆಟ್ ನಿಯಮ ಮಾತ್ರ ಅಲ್ಲಿ 1864ರವರೆಗೂ ಉಳಿದಿತ್ತು. ಕೈಗೆ ಗ್ಲೌಸ್ ಇರಲಿಲ್ಲ, ನೆನಪಿರಲಿ.

ಆ ಚೆಂಡು ಎಲ್ಲಿಂದ ಬರುತ್ತಿತ್ತು? ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮಾಡಿಕೊಡುವವರನ್ನು ಹುಡುಕಿ ಆಡಮ್ಸ್ ಊರೆಲ್ಲ ಅಲೆದರು. ಯಾರೂ ಒಪ್ಪಲಿಲ್ಲ. ಕೊನೆಗೆ ಕುದುರೆ ಜೀನು ಹೊಲಿಯುವ ಸ್ಕಾಟ್ಲೆಂಡಿನವನೊಬ್ಬ, ಚಾವಟಿಗೆ ಬಳಸುವ ಕುದುರೆ ಚರ್ಮದಿಂದ ಚೆಂಡಿಗೆ ಹೊದಿಕೆ ಹಾಕುವುದನ್ನು ತೋರಿಸಿಕೊಟ್ಟ. ಮೂರ್ನಾಲ್ಕು ಔನ್ಸ್ ರಬ್ಬರ್ ಚೂರು, ಅದರ ಮೇಲೆ ನೂಲಿನ ಸುತ್ತು, ಅದರ ಮೇಲೆ ಚರ್ಮ. ಆರೇಳು ವರ್ಷ ಡಾಕ್ಟರೇ ಕೂತು ತಮ್ಮ ಕ್ಲಬ್ಬಿಗೂ ಬೇರೆ ಕ್ಲಬ್‌ಗಳಿಗೂ ಚೆಂಡು ಮಾಡಿಕೊಟ್ಟರು. ಆ ಚೆಂಡು ಎಷ್ಟು ಹಗುರ ಅಂದರೆ ದೂರದಿಂದ ಎಸೆದರೆ ಪಿಚರ್‌ವರೆಗೆ (ನಮ್ಮ ಬೌಲರ್ ಥರ) ತಲುಪುತ್ತಿರಲಿಲ್ಲ. ನಡುವೆ ನಿಂತು ಹಿಡಿದು ದಾಟಿಸಲು ಒಬ್ಬ ಬೇಕಾಯಿತು. ಇವತ್ತಿನ ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ಸ್ಥಾನ ಹುಟ್ಟಿದ್ದು ಹೀಗೆ.

1846ರ ಜೂನ್ 19ರಂದು ನಿಕರ್‌ಬಾಕರ್‌ಗಳು ನ್ಯೂಯಾರ್ಕ್ ತಂಡದ ಎದುರು 23–1ರಲ್ಲಿ ಸೋತರು. ನಿಯಮ ಬರೆದವರೇ ಮಣ್ಣುಮುಕ್ಕಿದರು! ಬೈದಾಡಿದ ಒಬ್ಬ ಆಟಗಾರನಿಗೆ 6 ಸೆಂಟ್ ದಂಡವೂ ಬಿತ್ತು. ಇದೇ ಜಗತ್ತಿನ ಮೊದಲ ಪಂದ್ಯ ಅಂತ ಬಹಳ ಕಡೆ ಬರೆದಿರುತ್ತಾರೆ. ಆದರೆ 1845ರ ಅಕ್ಟೋಬರಿನಲ್ಲೇ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ತಂಡಗಳು ಆಡಿದ್ದವು. ಅದಕ್ಕೂ ಹಿಂದೆ, 1837ರಲ್ಲೇ ಗೋಥಮ್ ಕ್ಲಬ್ಬಿಗೆ ನಿಯಮ ಬರೆದಿದ್ದೆ ಅಂತ ವಿಲಿಯಂ ವೀಟನ್ ಹೇಳಿದ್ದಾರೆ. ನಿಕರ್‌ಬಾಕರ್ ನಿಯಮ ಬರೆದವರಲ್ಲಿ ಅವರೂ ಒಬ್ಬರು. ಮೊದಲಿಗರನ್ನು ಹುಡುಕುತ್ತ ಹೋದರೆ ಅವರಿಗಿಂತ ಹಿಂದಿನವರು ಸಿಗುತ್ತಲೇ ಇರುತ್ತಾರೆ.

1850ರ ದಶಕದಲ್ಲಿ ಆಟ ಬಾಬುಗಳ ಕೈ ಮೀರಿತು. ಆಗ ಬೇರೆಯೇ ನಗರವಾಗಿದ್ದ ಬ್ರೂಕ್ಲಿನ್‌ನಲ್ಲಿ ಎಕ್ಸೆಲ್ಸಿಯರ್, ಅಟ್ಲಾಂಟಿಕ್, ಎಕ್‌ಫರ್ಡ್ ಕ್ಲಬ್‌ಗಳು ಎದ್ದವು. ಎಕ್‌ಫರ್ಡ್‌ನವರು ಹಡಗು ಕಟ್ಟುವ ಕೆಲಸಗಾರರು. ಕರಿಯರ ಕ್ಲಬ್‌ಗಳೂ ಇದ್ದವು. ಆದರೆ 1867ರಲ್ಲಿ ಕ್ಲಬ್‌ಗಳ ಒಕ್ಕೂಟ ಅಂಥವರಿಗೆ ಬಾಗಿಲು ಮುಚ್ಚಿತು. ಎಲ್ಲರಿಗೂ ಸೇರಿದ ಆಟ ಅಂತ ಹೇಳಿಕೊಳ್ಳುವವರು ಈ ಪುಟವನ್ನು ಸುಮ್ನೆ ಮಗುಚಿಬಿಡುತ್ತಾರೆ. 1862ರಲ್ಲಿ ಬ್ರೂಕ್ಲಿನ್‌ನ ಯೂನಿಯನ್ ಗ್ರೌಂಡ್ಸ್‌ಗೆ ಬೇಲಿ ಬಿತ್ತು, ಒಳಗೆ ಹೋಗಲು 10 ಸೆಂಟ್. ಗೇಟಿನಲ್ಲಿ ದುಡ್ಡು ಬಂದಮೇಲೆ ಆಟಗಾರರ ಜೇಬಿಗೂ ಬರಲೇಬೇಕಲ್ಲ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ಎಲ್ಲ ಆಟಗಾರರಿಗೂ ರಾಜಾರೋಷವಾಗಿ ಸಂಬಳ ಕೊಟ್ಟಿತು. ಆ ತಂಡ ಕಟ್ಟಿದ ಹ್ಯಾರಿ ರೈಟ್ ಮೂಲತಃ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್‌ನ ಕ್ರಿಕೆಟಿಗ!

ಹಾಗಾದರೆ ಕಾರ್ಟ್‌ರೈಟ್? ಆತ ನಿಕರ್‌ಬಾಕರ್ ಕ್ಲಬ್ ಕಟ್ಟಿದವರಲ್ಲಿ ಒಬ್ಬ, ಅದು ನಿಜ. ಬೇಸ್‌ಗಳ ನಡುವೆ 90 ಅಡಿ, 9 ಇನಿಂಗ್ಸ್, 9 ಆಟಗಾರರು, ಇದೆಲ್ಲ ಆತನ ಕೊಡುಗೆ ಅಂತ ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಕೆತ್ತಿದ್ದಾರೆ. ಆದರೆ ಅವು ತೀರ್ಮಾನವಾದದ್ದು 1857ರಲ್ಲಿ, ಕ್ಲಬ್‌ಗಳೆಲ್ಲ ಸೇರಿದ ಸಭೆಯಲ್ಲಿ. ಆ ಹೊತ್ತಿಗೆ ಕಾರ್ಟ್‌ರೈಟ್ ನ್ಯೂಯಾರ್ಕ್ ಬಿಟ್ಟು ಎಂಟು ವರ್ಷವಾಗಿತ್ತು. ಆತ ಇದ್ದದ್ದು ಹವಾಯಿಯ ಹೊನೊಲುಲುವಿನಲ್ಲಿ. ಸಭೆಯ ಅಧ್ಯಕ್ಷರಾಗಿದ್ದವರು ಚೆಂಡು ಹೊಲಿಯುತ್ತಿದ್ದ ಅದೇ ಡಾಕ್ಟರ್ ಆಡಮ್ಸ್. ಅವರ ನಿಯಮಗಳ ಕೈಬರಹದ ಹಾಳೆಗಳು 2016ರಲ್ಲಿ 32.6 ಲಕ್ಷ ಡಾಲರಿಗೆ ಹರಾಜಾದವು. ಅದಕ್ಕೆ ಕೆಲವೇ ತಿಂಗಳ ಹಿಂದೆ ಹಾಲ್ ಆಫ್ ಫೇಮ್ ಮತದಾನದಲ್ಲಿ ಆಡಮ್ಸ್‌ಗೆ ಬೇಕಿದ್ದದ್ದು 12 ಮತ. ಬಿದ್ದದ್ದು 10.