ಬೆರಕೆ ಬರುವುದು ಹೂವಿನಿಂದಲೋ, ಚೀಲದಿಂದಲೋ?

ಬೇರೆ ಜೀವಿಯ ಜೀನು ಸೇರಿಸಿದ ಕುಲಾಂತರಿ ಬೆಳೆ ನಮ್ಮ ಬೀಜಕ್ಕೆ ಬೆರೆತೀತೆಂಬ ಅಳುಕು ಬಂದಾಗ ನಾವು ಮೊದಲು ನೋಡುವುದು ಹೂವನ್ನು. ಕುಮಟಾದ ಗಜನಿಗಳಲ್ಲಿ, ಅಂದರೆ ಹಿನ್ನೀರಿನ ಉಪ್ಪುಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಹೂಬಿಡುವ ದಿನಗಳಲ್ಲಿ, ಬಿಸಿಲು ಏರುತ್ತಿದ್ದಂತೆ ಕಟ್ಟೆಯ ಮೇಲೆ ಕುಳಿತು ಒಂದು ತೆನೆಯನ್ನು ಹತ್ತಿರದಿಂದ ನೋಡಬೇಕು. ಹಸಿರು ಸಿಪ್ಪೆಗಳೆರಡು ತುಸುವೇ ಬಾಯ್ಬಿಟ್ಟು ಆರು ಕೇಸರಗಳು ಹೊರಗಿಣುಕುತ್ತವೆ. ಅಷ್ಟರಲ್ಲಿ ಪರಾಗದ ಹುಡಿ ಬಹುಮಟ್ಟಿಗೆ ಅದೇ ಹೂವಿನ ಮೇಲೆ ಉದುರಿ ಕೆಲಸ ಮುಗಿದಿರುತ್ತದೆ. ಗಾಳಿಗೆ ಹಾರಿದ್ದು ಕೆಲವೇ ನಿಮಿಷಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಭತ್ತದ ತಳಿಬೀಜ ಬೆಳೆಯುವವರಿಗೆ ಪಕ್ಕದ ಬೇರೆ ತಳಿಯಿಂದ 3 ಮೀಟರ್ ಅಂತರವಿದ್ದರೆ ಸಾಕೆನ್ನುತ್ತದೆ ಬೀಜ ಪ್ರಮಾಣನದ ನಿಯಮ.

ಬದನೆಯ ಸ್ವಭಾವ ಹೀಗಲ್ಲ. ಅದರ ಪರಾಗಕೋಶ ತುದಿಯಲ್ಲಿ ಸಣ್ಣ ರಂಧ್ರವಿರುವ ಕೊಳವೆಯಂತಿದ್ದು, ದೊಡ್ಡ ಕರಿದುಂಬಿ ಹೂವನ್ನು ತಬ್ಬಿ ಗುಂಯ್‌ಗುಟ್ಟಿ ನಡುಗಿಸಿದಾಗ ಹುಡಿ ಚಿಮ್ಮುತ್ತದೆ. ದುಂಬಿಗೆ ಬೇಲಿಯ ಹಂಗಿಲ್ಲ. ತಾನೇ ಬೀಜ ಉಳಿಸಿಕೊಳ್ಳುವ ಗೃಹಿಣಿ ಸಂಜೆಯೇ ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಗುರುತಿಗೆ ದಾರ ಬಿಗಿದರೆ ಆ ಕಾಯಿಯ ಮಟ್ಟಿಗೆ ನಿಶ್ಚಿಂತೆ.

ಸದ್ಯ ನಮ್ಮ ದೇಶದಲ್ಲಿ ರೈತರು ಬೆಳೆಯಲು ಅನುಮತಿಯಿರುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ, ಕೀಟ ಕೊಲ್ಲುವ ಪ್ರೋಟೀನು ತಯಾರಿಸುವ ಬ್ಯಾಕ್ಟೀರಿಯಾ ಜೀನನ್ನು ಹೊತ್ತ ಬಿಟಿ ಹತ್ತಿ ಒಂದೇ. ಹತ್ತಿಯ ಪರಾಗ ಭತ್ತಕ್ಕಾಗಲೀ ಬದನೆಗಾಗಲೀ ಕೂಡುವುದಿಲ್ಲವಾದ್ದರಿಂದ ಮುಂಡಗೋಡ, ಹಳಿಯಾಳದ ಹತ್ತಿ ಹೊಲಗಳಿಂದ ಕರಾವಳಿಯವರು ಹೆದರಬೇಕಿಲ್ಲ. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲೇ ಕೇಂದ್ರ ಸರ್ಕಾರ ತಡೆ ಹಾಕಿತು. ಆದರೂ 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಅದು ಪತ್ತೆಯಾಯಿತು. ಅಲ್ಲಿಗೆ ಅದನ್ನು ಒಯ್ದದ್ದು ದುಂಬಿಯಂತೂ ಅಲ್ಲ.

ನಾವು ಹೂವನ್ನು ಕಾಯುವುದರಲ್ಲಿ ಬೀಜದ ಚೀಲವನ್ನು ಮರೆಯುತ್ತೇವೆ ಎಂಬುದೇ ನನ್ನ ತಕರಾರು. ಅಮೆರಿಕದಲ್ಲಿ ಕಳೆನಾಶಕ ತಾಳುವ ಕುಲಾಂತರಿ ಭತ್ತವೊಂದು ಪ್ರಯೋಗದ ತಾಕುಗಳಲ್ಲಷ್ಟೇ ಇತ್ತು. ಆ ಪ್ರಯೋಗಗಳು ಮುಗಿದು ವರ್ಷಗಳ ಮೇಲೆ, 2006ರಲ್ಲಿ, ಅದರ ಅಂಶ ಮಾರುಕಟ್ಟೆಯ ಅಕ್ಕಿಯಲ್ಲಿ ಸಿಕ್ಕಿ ರಫ್ತು ಕುಸಿಯಿತು. 2011ರಲ್ಲಿ ಆ ಭತ್ತದ ಒಡೆತನದ ಬಾಯರ್ ಕಂಪನಿ ರೈತರಿಗೆ 75 ಕೋಟಿ ಡಾಲರ್‌ವರೆಗೆ ಪರಿಹಾರ ನೀಡಲು ಒಪ್ಪಿತು. ಪಶ್ಚಿಮ ಆಸ್ಟ್ರೇಲಿಯಾದ ಸಾವಯವ ರೈತರೊಬ್ಬರಿಗೆ ಆ ಅದೃಷ್ಟವಿರಲಿಲ್ಲ. ನೆರೆಯವರು ಕೊಯ್ದು ಸಾಲಿಗೆ ಹಾಕಿದ್ದ ಕುಲಾಂತರಿ ಕನೋಲಾ ಎಂಬ ಎಣ್ಣೆಬೀಜದ ಗಿಡಗಳು ಕಾಯಿಸಮೇತ ಗಾಳಿಗೆ ಹಾರಿಬಂದು, ಜಮೀನಿನ ಸುಮಾರು ಶೇ. 70 ಭಾಗ ಸಾವಯವ ಮಾನ್ಯತೆ ಕಳೆದುಕೊಂಡಿತು. 2014ರಲ್ಲಿ ನ್ಯಾಯಾಲಯವೂ ಅವರ ಪರ ನಿಲ್ಲಲಿಲ್ಲ. ಬೆಳೆದವನಿಗಿಲ್ಲದ ಹೊಣೆ ಬೆಳೆಯದವನ ತಲೆಗೆ ಬರುವ ಈ ಲೆಕ್ಕ ನನಗೆ ಸರಿಕಾಣುವುದಿಲ್ಲ. ನಮ್ಮಲ್ಲಿಯೂ ಸಾವಯವ ಮಾನ್ಯತೆ ಬೇಕೆಂದರೆ ನೆರೆಹೊಲದ ಬೆರಕೆಗೆ ತಡೆಯಾಗಿ ಅಂಚಿನ ಪಟ್ಟಿ ಬಿಡಬೇಕಾದವನು ಸಾವಯವ ರೈತನೇ.

ಅನುಮಾನ ಬಂದರೆ ಪರೀಕ್ಷೆಯೇನೋ ಸುಲಭ. ಎಲೆಯ ಚೂರನ್ನು ಪುಟ್ಟ ನಳಿಕೆಯಲ್ಲಿ ದ್ರಾವಣದೊಂದಿಗೆ ಅರೆದು ಕಾಗದದ ಪಟ್ಟಿ ಅದ್ದಿದರೆ ಕೆಲವು ನಿಮಿಷಗಳಲ್ಲಿ ಗೆರೆ ಮೂಡುತ್ತದೆ: ಎರಡು ಗೆರೆಯಾದರೆ ಬಿಟಿ ಪ್ರೋಟೀನು ಇದೆ, ಒಂದೇ ಆದರೆ ಕಂಡುಬಂದಿಲ್ಲ. ಆದರೆ ಆ ಪಟ್ಟಿ ತಾನು ಹುಡುಕಲು ಹೊರಟ ಪ್ರೋಟೀನನ್ನಷ್ಟೇ ಬಲ್ಲದು. ಬೇರೆ ಜೀನು ಬೆರೆತಿದ್ದರೆ ಪ್ರಯೋಗಾಲಯದಲ್ಲಿ ಡಿಎನ್‌ಎ ನೋಡಿಸಬೇಕು.

ಮೊದಲು ಬೀಜ ಹುಲ್ಲಿನಿಂದ ಕಟ್ಟಿದ ಮೂಡೆಯಲ್ಲಿ ಮನೆಯ ಅಟ್ಟದಲ್ಲೇ ಉಳಿಯುತ್ತಿತ್ತು. ಈಗ ಬಯಲುಸೀಮೆಯಿಂದ ಬರುವ ಕಟಾವು ಯಂತ್ರ ತನ್ನ ಹೊಟ್ಟೆಯಲ್ಲಿ ಹಿಂದಿನ ಊರಿನ ಕಾಳನ್ನೂ ಹೊತ್ತು ತರುತ್ತದೆ. ಗದ್ದೆಗೆ ಇಳಿಸುವ ಮುನ್ನ ಅದನ್ನು ಖಾಲಿ ಓಡಿಸಿ ಗುಡಿಸಿ, ಮೊದಲ ಒಂದೆರಡು ಚೀಲವನ್ನು ಬೀಜಕ್ಕಿಡದೆ ಗಿರಣಿಗೆ ಕಳಿಸಬೇಕು.